ಕಿವಿಗೆ ಡ್ರಾಪ್ಸ್ ಹಾಕೋ ಮುಂಚೆ ನಾಯಿ ತಟ್ಟೇಲಿ ಏನಿದೆ ನೋಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದು ಹದಿನೈದು ದಿನ ಆಯ್ತು. ನಿನ್ನೆ ಪೇಟೆಗೆ ಹೋಗಿದ್ದಾಗ ಮೆಡಿಕಲ್ ಶಾಪಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ‘ನಾಯಿ ಕಿವಿಗೆ ಹಾಕೋ ಡ್ರಾಪ್ಸ್ ಕೊಡಿ, ಹೋದ್ಸಲ ಕೊಟ್ಟಿದ್ರಲ್ಲ ಅದೇ’ ಅಂದ, ಅಂಗಡಿಯವ್ರು ಒಂದು ಮಾತೂ ಕೇಳದೆ ಕೊಟ್ಟುಬಿಟ್ರು. ಆ ಹುಡುಗ ನಿಂತ ಜಾಗದಲ್ಲಿ ನಾನು ಎರಡೂವರೆ ವರ್ಷ ನಿಂತಿದ್ದೀನಿ. ಅವನನ್ನ ಕರೆದು ಹೇಳೋಣ ಅನ್ನೋಷ್ಟರಲ್ಲಿ ಬೈಕ್ ಹತ್ತಿ ಹೊರಟೇಬಿಟ್ಟ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮನೆ ನಾಯಿ ಹೆಸ್ರು ಗುಂಡ, ಲ್ಯಾಬ್ರಡಾರ್, ಈಗ ನಾಲ್ಕು ವರ್ಷ. ಹತ್ತು ತಿಂಗಳ ಮರಿ ಇದ್ದಾಗ ಮೊದಲ ಸಲ ಕಿವಿ ಬಂತು. ತಲೆ ಒದರೋದು, ಕಿವಿನ ಗೋಡೆಗೆ ಉಜ್ಜೋದು, ರಾತ್ರಿಯೆಲ್ಲ ಹಿಂಗಾಲಲ್ಲಿ ಪರಪರ ಕೆರೆಯೋದು. ಕಿವಿ ಎತ್ತಿ ನೋಡಿದ್ರೆ ಒಳಗೆಲ್ಲ ಕೆಂಪಗಾಗಿದೆ, ಕಂದು ಬಣ್ಣದ ಜಿಡ್ಡು, ವಾಸನೆ ಅಂದ್ರೆ ಎರಡು ದಿನ ಹೊರಗಿಟ್ಟು ಹುಳಿ ಹೆಚ್ಚಾದ ದೋಸೆ ಹಿಟ್ಟಿನ ವಾಸನೆ. ಮಳೆಗಾಲ ಅಲ್ವಾ, ತುಂಗೇಲಿ ಬೇರೆ ಈಜ್ತಾನೆ, ನೀರು ಹೋಗಿರ್ಬೇಕು ಅಂದ್ಕೊಂಡ್ವಿ. ಡ್ರಾಪ್ಸ್ ತಂದು ಹಾಕಿದ್ವಿ, ಐದು ದಿನಕ್ಕೆ ಕಮ್ಮಿ ಆಯ್ತು. ಒಂದೂವರೆ ತಿಂಗಳಿಗೆ ಮತ್ತೆ ಬಂತು, ಮತ್ತೆ ಅದೇ ಡ್ರಾಪ್ಸ್, ಮತ್ತೆ ಕಮ್ಮಿ. ಹೀಗೆ ಒಂಬತ್ತು ಸಲ. ಬೇಸಿಗೇಲೂ ಬಂತು, ಹೊಳೆ ಕಡೆ ಕಾಲೇ ಇಡದ ತಿಂಗಳಲ್ಲೂ ಬಂತು, ನೀರಿನ ಮೇಲೆ ತಪ್ಪು ಹಾಕೋಕೆ ಆಗಲ್ಲ ಅಂತ ಆಗಲೇ ನಮಗೆ ಹೊಳೀಬೇಕಿತ್ತು.

ನಡುವೆ ಮನೆಮದ್ದೂ ಆಯ್ತು. ಕೊಬ್ಬರಿ ಎಣ್ಣೇಲಿ ಬೆಳ್ಳುಳ್ಳಿ ಕಾಯಿಸಿ ಬೆಚ್ಚಗೆ ಬಿಡಿ, ಮಕ್ಕಳಿಗೆಲ್ಲ ಬಿಡ್ತಿರ್ಲಿಲ್ವಾ ಅಂತ ಹಿರಿಯರು ಹೇಳಿದ್ರು, ಬಿಟ್ಟೆ. ಗುಂಡ ಕಿರುಚಿಕೊಂಡು ಮಂಚದ ಕೆಳಗೆ ಹೋಗಿ ಕೂತವನು ಸಂಜೆ ತನಕ ಈಚೆ ಬರ್ಲಿಲ್ಲ, ಆ ಕೂಗು ಇವತ್ತಿಗೂ ನನಗೆ ಕೇಳುತ್ತೆ. ಹೇಳಿದವರ ಮನಸ್ಸಲ್ಲಿ ಕೆಟ್ಟದ್ದೇನೂ ಇರ್ಲಿಲ್ಲ. ಆದ್ರೆ ಹುಣ್ಣಾದ ಕಿವಿಗೆ ಬೆಳ್ಳುಳ್ಳಿ ಉರಿ, ಎಣ್ಣೆ ಒಳಗೇ ನಿಂತು ಜಿಡ್ಡಿಗೆ ಜಿಡ್ಡು ಸೇರುತ್ತೆ. ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡು ಇವನ್ನೂ ಯಾರೂ ಹಾಕ್ಬೇಡಿ.

ಒಂಬತ್ತನೇ ಸಲ ಬಂದಾಗ ಎಷ್ಟು ಜೋರಾಗಿ ತಲೆ ಒದರಿದ ಅಂದ್ರೆ ಬೆಳಗ್ಗೆ ಏಳೋ ಹೊತ್ತಿಗೆ ಎಡಗಿವಿ ಪೂರಿ ಹಾಗೆ ಉಬ್ಬಿತ್ತು. ಕಿವಿಯ ಎಲೆಯೊಳಗೆ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿತ್ತು. ಗಾಬರಿಯಾಗಿ ಕಾರಲ್ಲಿ ಹಾಕ್ಕೊಂಡು ಶಿವಮೊಗ್ಗಕ್ಕೆ ಓಡಿದ್ವಿ. ಅಲ್ಲಿ ನೋಡಿದ ಡಾಕ್ಟರಮ್ಮ ಕಿವಿ ಕುಯ್ದು ರಕ್ತ ತೆಗೆದು ಹೊಲಿಗೆ ಹಾಕಿದ್ರು, ಅದಕ್ಕಿಂತ ದೊಡ್ಡ ಉಪಕಾರ ಅಂದ್ರೆ ಎರಡೂವರೆ ವರ್ಷದಲ್ಲಿ ಯಾರೂ ಮಾಡದ ಒಂದು ಕೆಲ್ಸ ಮಾಡಿದ್ರು. ಹತ್ತಿ ಕಡ್ಡೀಲಿ ಕಿವಿ ಜಿಡ್ಡು ತೆಗೆದು ಗಾಜಿನ ಸ್ಲೈಡ್ ಮೇಲೆ ಉರುಳಿಸಿ, ಬಣ್ಣ ಹಾಕಿ ತೊಳೆದು, ಮೈಕ್ರೋಸ್ಕೋಪ್ ಕೆಳಗಿಟ್ಟು ‘ಬನ್ನಿ ನೀವೇ ನೋಡಿ’ ಅಂದ್ರು. ನೇರಳೆ ಬಣ್ಣದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಗುರುತಿನ ಥರ ರಾಶಿ ರಾಶಿ. ಅದು ಯೀಸ್ಟು, ಮಲಾಸೀಜಿಯ ಅಂತಾರಂತೆ. ಎಲ್ಲಾ ನಾಯಿ ಚರ್ಮದ ಮೇಲೂ ಸ್ವಲ್ಪ ಇರುತ್ತೆ, ಕಿವಿ ಒಳಗೆ ಬಿಸಿ, ತೇವ, ಉರಿಯೂತ ಮೂರೂ ಸೇರಿದ್ರೆ ಹೀಗೆ ಸೊಕ್ಕಿ ಬೆಳೆಯುತ್ತೆ. ಸ್ಲೈಡ್ ನೋಡೋಕೆ ಹಿಡಿದದ್ದು ಹತ್ತು ನಿಮಿಷ.

ಆ ಹತ್ತು ನಿಮಿಷ ಯಾಕೆ ಮುಖ್ಯ ಅಂದ್ರೆ, ಯೀಸ್ಟಿಗೆ ಬೇರೆ ಮದ್ದು, ಬ್ಯಾಕ್ಟೀರಿಯಾಕ್ಕೆ ಬೇರೆ, ಅದರಲ್ಲೂ ಸ್ಯೂಡೊಮೊನಾಸ್ ಅನ್ನೋದು ಬಂದ್ರೆ ಸಾಮಾನ್ಯ ಆ್ಯಂಟಿಬಯೋಟಿಕ್ ಎಷ್ಟೋ ಸಲ ನಡೆಯೋದೇ ಇಲ್ಲ, ಕಿವಿ ನುಸಿ ಆದ್ರೆ ಅದಕ್ಕೂ ಬೇರೆ. ಅಂಗಡೀಲಿ ಸಿಗೋ ಡ್ರಾಪ್ಸಲ್ಲಿ ಸಾಮಾನ್ಯವಾಗಿ ಫಂಗಸ್ ಮದ್ದು, ಆ್ಯಂಟಿಬಯೋಟಿಕ್ಕು, ಸ್ಟೀರಾಯ್ಡು ಮೂರೂ ಕಲೆಸಿರ್ತಾರೆ, ಸ್ಟೀರಾಯ್ಡಿಂದ ತುರಿಕೆ ತಕ್ಷಣ ನಿಲ್ಲುತ್ತೆ, ನಾವು ವಾಸಿ ಆಯ್ತು ಅಂತ ಐದನೇ ದಿನಕ್ಕೆ ನಿಲ್ಲಿಸ್ತೀವಿ, ಒಳಗಿರೋದು ಒಳಗೇ ಇರುತ್ತೆ. ಇನ್ನೊಂದು ಭಯದ ವಿಷ್ಯ ಇದೆ, ಕಿವಿ ತಮಟೆ ತೂತಾಗಿದ್ರೆ ಜೆಂಟಾಮೈಸಿನ್ ಥರದ ಕೆಲವು ಮದ್ದು ಒಳಗಿವಿಗೆ ಇಳಿದು ನಾಯಿ ಕಿವುಡಾಗಬಹುದು, ತಲೆ ವಾಲಿಸಿಕೊಂಡು ಓಲಾಡಬಹುದು. ದೀಪದ ಯಂತ್ರದಲ್ಲಿ ಒಳಗೆ ನೋಡದೇ ಮದ್ದು ಬಿಡಬಾರದು ಅನ್ನೋದು ಇದಕ್ಕೇ.

ಆಮೇಲೆ ಆ ಡಾಕ್ಟರು ಕಿವಿ ಬಿಟ್ಟು ಪಾದ ಹಿಡಿದ್ರು. ‘ಇವನು ಪಾದ ನೆಕ್ತಾನಾ’ ಅಂತ ಕೇಳಿದ್ರು. ಹೌದು, ಸದಾ ನೆಕ್ತಾನೆ, ಬೆರಳ ಸಂದಿಯೆಲ್ಲ ತುಕ್ಕು ಬಣ್ಣ ಆಗಿತ್ತು, ನಾನು ಕೆಮ್ಮಣ್ಣು ಅಂದ್ಕೊಂಡಿದ್ದೆ, ಅದು ಎಂಜಲಿನ ಕಲೆಯಂತೆ. ಹಿಂಭಾಗ ನೆಲಕ್ಕೆ ಎಳೀತಾನಾ, ಹೊಟ್ಟೆ ಕೆರೀತಾನಾ, ವರ್ಷಪೂರ್ತಿ ಇದ್ಯಾ ಅಥವಾ ಒಂದು ಕಾಲಕ್ಕೆ ಮಾತ್ರನಾ? ಎಲ್ಲದಕ್ಕೂ ಹೌದು, ವರ್ಷಪೂರ್ತಿ. ಆಗ ಅವರು ಹೇಳಿದ್ದು ಇಷ್ಟೇ: ಕಿವಿ ಸೋಂಕು ಇವನ ಕಾಯಿಲೆ ಅಲ್ಲ, ಕಾಯಿಲೆ ಅಲರ್ಜಿ, ಅದು ಚರ್ಮ ಎಲ್ಲಾ ಕಡೆ ಕೆಣಕುತ್ತೆ, ಕಿವಿ ಒಳಗೂ ಇರೋದು ಚರ್ಮಾನೇ.

ಗುಂಡ ಏನೇನು ತಿಂತಾನೆ ಅಂತ ಬರೆದುಕೊಡಿ ಅಂದ್ರು. ಕೋಳಿ ಅನ್ನ, ಮೊಸರನ್ನ, ಚಪಾತಿ, ಮೊಟ್ಟೆ, ಚಹಾದ ಹೊತ್ತಿಗೆ ಮಾರಿ ಬಿಸ್ಕತ್ತು, ಪ್ಯಾಕೆಟ್ ಫುಡ್ಡು, ಮೀನಿನ ತಲೆ. ನಮ್ಮಲ್ಲಿ ಬಹಳ ಮನೆ ನಾಯಿಗಳ ಊಟ ಇದೇ ತಾನೇ. ಇಷ್ಟು ದಿನ ತಿಂದು ಅರಗಿಸ್ಕೊಂಡಿದ್ದಾನಲ್ಲ, ಈಗ ಹೇಗೆ ಅಲರ್ಜಿ ಅಂತ ನಾನು ಕೇಳಿದೆ. ಅಲರ್ಜಿ ಬರೋದು ಹೊಸದಾಗಿ ತಿಂದದ್ದಕ್ಕಲ್ಲ, ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದು ದೇಹಕ್ಕೆ ಪರಿಚಯ ಆಗಿರೋದಕ್ಕೇ ಸಾಮಾನ್ಯವಾಗಿ ಬರೋದು ಅಂತ ಆಗ ಗೊತ್ತಾಯ್ತು. ಮನೆಗೆ ಬಂದು ಓದಿದೆ. ಆಹಾರದ ಅಲರ್ಜಿ ಇದ್ದ 297 ನಾಯಿಗಳ ವಿವರ ಒಟ್ಟು ಮಾಡಿದ 2016ರ ಒಂದು ಪರಿಶೀಲನೇಲಿ ದನದ ಮಾಂಸ 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13 ಪರ್ಸೆಂಟ್ ನಾಯಿಗಳಿಗೆ ಆಗ್ತಿರ್ಲಿಲ್ಲ. ಧಾನ್ಯ ಇಲ್ಲದ ದುಬಾರಿ ಫುಡ್ ತಂದ್ರೆ ಸರಿಹೋಗುತ್ತೆ ಅಂತ ಹೇಳೋರು ಬಹಳ ಜನ, ಆದ್ರೆ ತೊಂದ್ರೆ ಕೊಡೋದು ಹೆಚ್ಚಾಗಿ ಮಾಂಸ ಮತ್ತೆ ಹಾಲು.

ಕಂಡುಹಿಡಿಯೋಕೆ ರಕ್ತ ಟೆಸ್ಟ್ ಇಲ್ವಾ ಅಂದೆ. ರಕ್ತ, ಕೂದಲು, ಎಂಜಲು ಕಳಿಸಿ ಅಂತ ಜಾಹೀರಾತು ಬರುತ್ತಲ್ಲ, ಆಹಾರದ ಅಲರ್ಜಿ ವಿಷಯದಲ್ಲಿ ಅವನ್ನ ನಂಬೋ ಹಾಗಿಲ್ಲ. ದಾರಿ ಒಂದೇ. ಎಂಟು ವಾರ ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ, ಒಂದು ಗೆಡ್ಡೆ ಇಲ್ಲ ಕಾಳು, ಬೇರೆ ಏನೂ ಇಲ್ಲ. ಆಗಲ್ಲ ಅನ್ನೋರಿಗೆ, ದೇಹಕ್ಕೆ ಗುರುತು ಸಿಗದ ಹಾಗೆ ಪ್ರೋಟೀನನ್ನ ಚೂರು ಚೂರು ಮಾಡಿರೋ ವಿಶೇಷ ಫುಡ್ ಇದೆ, ಬೆಂಗಳೂರಿಂದ ತರಿಸಬಹುದು, ಬೆಲೆ ನಮಗೆ ನಿಲುಕಲಿಲ್ಲ. ಎಂಟು ವಾರ ಯಾಕೆ ಅಂದ್ರೆ ಐದು ವಾರಕ್ಕೆ 80 ಪರ್ಸೆಂಟ್‌ಗಿಂತ ಹೆಚ್ಚು, ಎಂಟು ವಾರಕ್ಕೆ 90 ಪರ್ಸೆಂಟ್‌ಗಿಂತ ಹೆಚ್ಚು ಅಲರ್ಜಿ ನಾಯಿಗಳು ಸುಧಾರಿಸ್ತವೆ, ಎರಡು ವಾರ ನೋಡಿ ಏನೂ ಆಗ್ಲಿಲ್ಲ ಅಂತ ಬಿಟ್ರೆ ಮಾಡಿದ್ದೆಲ್ಲ ವ್ಯರ್ಥ.

ಗುಂಡ ತಿನ್ನದೇ ಇದ್ದ ಮಾಂಸ ಅಂದ್ರೆ ಹಂದಿ ಒಂದೇ. ನಮ್ಮನೇಲಿ ಅದು ಮಾಡಲ್ಲ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿ, ಬೇರೆ ಪಾತ್ರೆ ಇಟ್ಟು, ಕೊಬ್ಬು ತೆಗೆದ ಮಾಂಸ ಚೆನ್ನಾಗಿ ಬೇಯಿಸಿ ಗೆಣಸಿನ ಜೊತೆ ಕಲೆಸಿ ಕೊಟ್ಟೆ, ಉಪ್ಪಿಲ್ಲ, ಎಣ್ಣೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿ ಅಂತೂ ನಾಯಿ ರಕ್ತಕ್ಕೇ ವಿಷ. ಅತ್ತೆ ಮೊದಲು ಮುಖ ಸಿಂಡರಿಸಿದ್ರು, ಆಮೇಲೆ ಅವರೇ ಮಳೇಲಿ ಕೊಡೆ ಹಿಡ್ಕೊಂಡು ಒಲೆ ಉರಿ ನೋಡ್ತಾ ನಿಂತಿರ್ತಿದ್ರು. ಕಷ್ಟ ಅಡುಗೇದಲ್ಲ, ಸುತ್ತಲಿನ ಕೈಗಳದ್ದು. ಮೂರನೇ ವಾರ ಭಾನುವಾರ ನೆಂಟರು ಬಂದಾಗ ಮಗು ಒಂದು ಪ್ರೀತಿಯಿಂದ ತನ್ನ ತಟ್ಟೆಯ ಕೋಳಿ ಸಾರಿನನ್ನ ಇಟ್ಟುಬಿಡ್ತು, ಮಂಗಳವಾರದ ಹೊತ್ತಿಗೆ ಪಾದ ಮತ್ತೆ ಕೆಂಪು. ಲೆಕ್ಕ ಮತ್ತೆ ಒಂದರಿಂದ. ಪಕ್ಕದ ಮನೆ ಬೆಕ್ಕಿನ ಹಾಲಿನ ಬಟ್ಟಲು, ಮಾಂಸದ ರುಚಿ ಹಾಕಿರೋ ಜಂತುಹುಳದ ಅಗಿಯೋ ಮಾತ್ರೆ, ಇವೂ ಲೆಕ್ಕಕ್ಕೆ ಬರ್ತವೆ, ಮಾತ್ರೆ ಬದಲಿಸಿಕೊಡಿ ಅಂತ ಮೊದಲೇ ಡಾಕ್ಟರಿಗೆ ಹೇಳಿ. ಈ ಸಮಯದಲ್ಲಿ ಕಿವಿ ಮದ್ದೂ ನಡೀತಿರಬೇಕು, ಬೆಳೆದಿರೋ ಯೀಸ್ಟು ಊಟ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ.

ಐದನೇ ವಾರಕ್ಕೆ ಪಾದ ನೆಕ್ಕೋದು ನಿಂತಿತು. ಎಂಟನೇ ವಾರ ಕಿವಿ ಎತ್ತಿ ಮೂಗಿಟ್ಟು ನೋಡಿದೆ, ವಾಸನೆಯೇ ಇಲ್ಲ, ನನಗೆ ಅಳು ಬಂದುಬಿಡ್ತು. ಆದ್ರೆ ಅಲ್ಲಿಗೆ ಮುಗೀಲಿಲ್ಲ, ಹಳೇ ಊಟ ಒಂದೊಂದೇ ವಾಪಸ್ ಕೊಟ್ಟು ನೋಡದೇ ಇದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ, ಇದನ್ನ ಬಹಳ ಜನ ಹೆದರಿ ಬಿಟ್ಟುಬಿಡ್ತಾರೆ. ಎರಡು ವಾರ ಮೊಸರು ಕೊಟ್ವಿ, ಏನೂ ಆಗ್ಲಿಲ್ಲ. ಎರಡು ವಾರ ಚಪಾತಿ, ಏನೂ ಆಗ್ಲಿಲ್ಲ. ಕೋಳಿ ಕೊಟ್ಟ ಮೂರನೇ ದಿನಕ್ಕೆ ಪಾದ, ಆರನೇ ದಿನಕ್ಕೆ ಕಿವಿ. ಅಲ್ಲಿಗೆ ಖಾತ್ರಿ ಆಯ್ತು. ಈಗ ಮೀನು, ರಾಗಿ, ಸಿಹಿಗುಂಬಳ, ಮೊಸರು ತಿಂತಾನೆ, ಕ್ಯಾಲ್ಸಿಯಂ ಮತ್ತೆ ಉಳಿದದ್ದು ಎಷ್ಟು ಸೇರಿಸ್ಬೇಕು ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ, ಮನೆ ಊಟ ಅಂತ ವರ್ಷಗಟ್ಟಲೆ ಅಂದಾಜಲ್ಲಿ ಹಾಕಿದ್ರೆ ಬೇರೆ ಕೊರತೆ ಬರುತ್ತೆ.

ಎಲ್ಲಾ ನಾಯಿಗೂ ಊಟವೇ ಕಾರಣ ಅಂತ ನಾನು ಹೇಳ್ತಿಲ್ಲ. ಧೂಳಿನ ನುಸಿ, ಪರಾಗ, ಬೂಷ್ಟು ಇವುಗಳ ಅಲರ್ಜಿ ಊಟದ ಅಲರ್ಜಿಗಿಂತ ಹೆಚ್ಚು. ನಮ್ಮ ಬೀದಿಯ ಕಾಕರ್ ಸ್ಪ್ಯಾನಿಯಲ್‌ಗೆ ಎಂಟು ವಾರ ಮಾಡಿದ್ರೂ ಏನೂ ಬದಲಾಗ್ಲಿಲ್ಲ, ಅದಕ್ಕೆ ವಾತಾವರಣದ ಅಲರ್ಜಿ, ಬೇರೆ ಚಿಕಿತ್ಸೆ ನಡೀತಿದೆ. ಇನ್ನೊಂದು ಮನೆ ಮರಿಗೆ ಕಾಫಿ ಪುಡಿ ಥರ ಕಪ್ಪು ಕಸ ಬರ್ತಿತ್ತು, ಅದು ಕಿವಿ ನುಸಿ, ಮನೆ ಬೆಕ್ಕಿಗೂ ಇತ್ತು. ತೋಟದ ನಾಯಿಯೊಂದಕ್ಕೆ ಕಿವಿಯಾಳದಲ್ಲಿ ಉಣುಗು ಕಚ್ಚಿಕೊಂಡಿತ್ತು. ಹೊರಗಿಂದ ನೋಡಿದ್ರೆ ಎಲ್ಲವೂ ತಲೆ ಒದರೋದೇ.

ಕ್ಲೀನ್ ಮಾಡೋದು ಬಗ್ಗೆ ಒಂದು ಮಾತು. ನಾಯಿ ಕಿವಿಯ ದಾರಿ ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತೆ, ಬಡ್ಸ್ ಹಾಕಿದ್ರೆ ಕಸ ಇನ್ನೂ ಒಳಕ್ಕೆ ಹೋಗೋದು. ಡಾಕ್ಟರ್ ಹೇಳಿದ ಕ್ಲೀನರ್ ತುಂಬಾ ಬಿಟ್ಟು, ಕಿವಿ ಬುಡವನ್ನ ಹೊರಗಿಂದ ಅರ್ಧ ನಿಮಿಷ ಪಚಪಚ ಸದ್ದು ಬರೋ ಹಾಗೆ ಒತ್ತಿ, ಬಿಟ್ಟುಬಿಡಿ, ಅದೇ ಒದರಿ ಹೊರಗೆ ಹಾಕುತ್ತೆ, ಕಂಡ ಭಾಗ ಮಾತ್ರ ಹತ್ತೀಲಿ ಒರೆಸಿ. ಈಜಿ ಬಂದ ದಿನ ತಪ್ಪಿಸಬೇಡಿ. ನೋವಿದ್ರೆ, ನಾಯಿ ಮುಟ್ಟೋಕೆ ಬಿಡ್ತಿಲ್ಲ ಅಂದ್ರೆ ಏನೂ ಹಾಕದೆ ಮೊದಲು ತೋರಿಸಿ.

ಪಶುಪಾಲನಾ ಇಲಾಖೆಯವರು ಓದ್ತಿದ್ರೆ ಒಂದು ಕೋರಿಕೆ. ತಾಲೂಕು ಪಶು ಆಸ್ಪತ್ರೇಲಿ ದನಗಳ ಸಗಣಿ, ರಕ್ತ ನೋಡೋಕೆ ಮೈಕ್ರೋಸ್ಕೋಪ್ ಇರುತ್ತೆ, ರಕ್ತದ ಸ್ಲೈಡಿಗೆ ಹಾಕೋ ಬಣ್ಣವೇ ಕಿವಿ ಸ್ಲೈಡಿಗೂ ಸಾಕು. ಡಾಕ್ಟರ ಮೇಲೆ ಹಳ್ಳಿ ಹಳ್ಳಿ ದನದ ಕೆಲಸದ ಹೊರೆ ಎಷ್ಟಿದೆ ಅಂತ ನನಗೆ ಗೊತ್ತು, ಆದ್ರೂ ವಾರಕ್ಕೆ ಒಂದು ಮಧ್ಯಾಹ್ನ ನಾಯಿ ಬೆಕ್ಕಿನ ಕಿವಿ ಚರ್ಮಕ್ಕೆ ಅಂತ ಇಟ್ರೆ ನಮ್ಮಂಥವರು ಶಿವಮೊಗ್ಗದವರೆಗೆ ಅರವತ್ತು ಕಿಲೋಮೀಟರ್ ಹೋಗೋದು ತಪ್ಪುತ್ತೆ. ಫುಡ್ ಪ್ಯಾಕೆಟ್ ಮಾರೋರು ಮುಂದುಗಡೆ ಕುರಿ ಚಿತ್ರ ಹಾಕಿ ಹಿಂದುಗಡೆ ಸಣ್ಣಕ್ಷರದಲ್ಲಿ ಕೋಳಿ ಪುಡಿ ಅಂತ ಬರೆಯೋದು ಬಿಟ್ಟು, ಯಾವ ಯಾವ ಪ್ರಾಣಿಯದ್ದು ಅಂತ ದೊಡ್ಡದಾಗಿ, ಕನ್ನಡದಲ್ಲೂ ಹಾಕ್ಲಿ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕಿವಿ ಡ್ರಾಪ್ಸ್ ಕೊಡಬೇಡಿ, ಕಿವಿ ತೋರಿಸಿದ್ದೀರಾ ಅಂತ ಒಂದು ಮಾತು ಕೇಳಿ.

ನಿನ್ನೆ ಡ್ರಾಪ್ಸ್ ತಗೊಂಡು ಹೋದ ಹುಡುಗ ಈ ಪತ್ರ ಓದಿದ್ರೆ, ತಮ್ಮಾ, ಇವತ್ತು ಸಂಜೆ ನಿನ್ನ ನಾಯಿ ಪಾದ ಒಂದ್ಸಲ ಎತ್ತಿ ಬೆರಳ ಸಂದಿ ನೋಡು.

ಗುಂಡನ ಮನೆಯವಳು,
ತೀರ್ಥಹಳ್ಳಿ