ಇಂಗ್ಲಿಷ್ ಪೇಪರು ಮತ್ತು ‘ಎಕ್ವಬಲ್’ ಪ್ರಶ್ನೆ: ಒಂಬತ್ತನೇ ತರಗತಿ ಪೋಷಕರಿಗೆ

ಕಾರವಾರ

ಪ್ರಿಯ ಪೋಷಕರೇ, ನಮಸ್ಕಾರ.

ಯೂನಿಟ್ ಟೆಸ್ಟ್ ಪೇಪರುಗಳು ಈ ವಾರ ಮನೆಗೆ ಬರುತ್ತವೆ. ಇಂಗ್ಲಿಷ್‌ನಲ್ಲಿ ‘ಎಕ್ವಬಲ್’ (equable) ಪದ ಬಳಸಿ ವಾಕ್ಯ ಬರೆಯಿರಿ ಎಂದು ಕೇಳಿದ್ದೆವು. ತುಂಬಾ ಮಕ್ಕಳಿಗೆ ಅಂಕ ಹೋಗಿದ್ದು ಅಲ್ಲೇ. ಬೈಯುವ ಮೊದಲು ಇದನ್ನೊಮ್ಮೆ ಓದಿ.

ಅರ್ಥ ಎಲ್ಲರಿಗೂ ಬಾಯಿಪಾಠ: ಶಾಂತ, ಏರುಪೇರಿಲ್ಲದ್ದು. ಎಡವಿದ್ದು ಬಳಕೆಯಲ್ಲಿ. ‘ಇವತ್ತು ಸಮುದ್ರ ಎಕ್ವಬಲ್ ಆಗಿತ್ತು’ ಎಂದು ಒಬ್ಬಳು ಬರೆದಿದ್ದಾಳೆ. ಒಂದು ದಿನದ ಮಟ್ಟಿಗಾದರೆ ‘ಕಾಮ್’ (calm) ಸಾಕು. ಎಕ್ವಬಲ್ ಅನ್ನುವುದು ಸ್ವಭಾವಕ್ಕೆ. ರೇಗಾಡಿ ಆಮೇಲೆ ತಣ್ಣಗಾದವರಿಗೆ ಅದು ಒಪ್ಪುವುದಿಲ್ಲ. ಸುಮ್ಸುಮ್ನೆ ರೇಗದ, ಕುಗ್ಗದ ಜನರಿಗೆ ಒಪ್ಪುತ್ತದೆ. ಬಲೆಗೆ ಮೀನು ಬಿದ್ದರೂ ಬೀಳದಿದ್ದರೂ ಒಂದೇ ದನಿಯಲ್ಲಿ ಮಾತಾಡುವ ಅಜ್ಜನ ಬಗ್ಗೆ ಒಬ್ಬ ಬರೆದಿದ್ದಾನೆ. ಅವನಿಗೆ ಪೂರ್ತಿ ಅಂಕ.

ಹವಾಮಾನಕ್ಕೂ ಈ ಪದ ಬಳಸುತ್ತಾರೆ. ಸಮುದ್ರದ ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಹಾಗಾಗಿ ನಮ್ಮಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಉಷ್ಣಾಂಶದ ವ್ಯತ್ಯಾಸ ಕಡಿಮೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಡಿಸೆಂಬರ್ ಬೆಳಗ್ಗೆ ಸ್ವೆಟರ್ ಬೇಕು, ಇಲ್ಲಿ ಅಷ್ಟೇನೂ ಬೇಡ. ಹಾಗಂತ ಎಕ್ವಬಲ್ ಅಂದರೆ ಹಿತ ಎಂದೇನಲ್ಲ. ಮೇ ತಿಂಗಳಲ್ಲಿ ಅಂಗಿ ಬೆನ್ನಿಗಂಟುವ ಸೆಕೆ ನಿಮಗೇ ಗೊತ್ತಲ್ವಾ! ನಮ್ಮ ಮಳೆಗಂತೂ ಈ ಪದ ಹೊಂದುವುದೇ ಇಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

ಜಾಸ್ತಿ ಕಂಡ ತಪ್ಪು ಇನ್ನೊಂದು. ‘ನಲ್ಲಿ ನೀರು ಎಲ್ಲ ಕೇರಿಗೂ ಎಕ್ವಬಲ್ ಆಗಿ ಸಿಗಬೇಕು.’ ಮಾತು ಸರಿ, ಪದ ತಪ್ಪು. ನ್ಯಾಯವಾದ ಹಂಚಿಕೆಗೆ ಹೇಳುವುದು ‘ಎಕ್ವಿಟಬಲ್’. ಎರಡಕ್ಕೂ ಲ್ಯಾಟಿನ್‌ನ ಮೂಲ ಒಂದೇ, ‘ಈಕ್ವಲ್’, ‘ಈಕ್ವೇಟರ್’ ಕೂಡ ಅಲ್ಲಿಂದಲೇ ಬಂದವು. ಆದ್ದರಿಂದ ಗೊಂದಲ ಸಹಜ. ಇಂಗ್ಲಿಷ್ ಚೆನ್ನಾಗಿ ಬಲ್ಲ ದೊಡ್ಡವರೂ ಇಲ್ಲಿ ಜಾರುತ್ತಾರೆ.

ಪದವನ್ನು ಹತ್ತು ಸಲ ಬರೆಸಬೇಡಿ, ಅದರಿಂದ ಏನೂ ಬರುವುದಿಲ್ಲ. ಮನೆಯಲ್ಲೋ ಅಕ್ಕಪಕ್ಕದಲ್ಲೋ ಈ ಪದ ಒಪ್ಪುವ ಒಬ್ಬರನ್ನು ಹುಡುಕಿ, ಯಾಕೆ ಒಪ್ಪುತ್ತದೆ ಎಂದು ಮೂರು ವಾಕ್ಯ ಬರೆಯಲು ಮಕ್ಕಳಿಗೆ ಹೇಳಿದ್ದೇವೆ. ನಿಮ್ಮ ಬಗ್ಗೆಯೇ ಬರೆದರೂ ಬರೆದಾರು. ಪೇಪರ್ ನೋಡಿ ಕೂಗಾಡಿದರೆ ಮಾತ್ರ ಅವರು ಪಕ್ಕದ ಮನೆ ಹುಡುಕಬೇಕಾಗುತ್ತದೆ!

ಪೇಪರಿಗೆ ಸಹಿ ಹಾಕಿ, ಆ ಮೂರು ವಾಕ್ಯಗಳ ಜೊತೆ ಸೋಮವಾರ ಕಳಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕರು