ಗ್ರಹಣದ ದಿನ ಬಸುರಿಗೆ ಊಟ ತಪ್ಪಿಸಬೇಡಿ

ಸಂಪಾದಕರೇ, ನಮಸ್ಕಾರ.

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅವತ್ತು ಇದೇ ನಡೆದಿರುತ್ತದೆ. ಗ್ರಹಣ ಹಿಡಿದದ್ದು ರಾತ್ರಿ ಹತ್ತು ಗಂಟೆ ಹೊತ್ತಿಗೆ. ಆದರೆ ಅದಕ್ಕೆ ಒಂಬತ್ತು ತಾಸು ಮೊದಲೇ ವೇಧ, ಅಂದರೆ ಊಟ ಮಾಡಬಾರದ ಹೊತ್ತು, ಶುರುವಾಗುತ್ತದೆ ಅಂತ ನನ್ನ ತಮ್ಮನ ಹೆಂಡತಿಗೆ ಮಧ್ಯಾಹ್ನ ಒಂದು ಗಂಟೆಯ ಮೇಲೆ ಊಟವೂ ಇಲ್ಲ, ನೀರೂ ಇಲ್ಲ. ಅವಳಿಗೆ ಆಗ ಏಳು ತಿಂಗಳು. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ, ಚಾಕು, ಕತ್ತರಿ, ಸೂಜಿ ಎಲ್ಲ ಎತ್ತಿಟ್ಟು, ಅಲ್ಲಾಡದೆ ಮಲಗಿರು ಅಂದರು. ಸಂಜೆ ಆರಕ್ಕೆ ತಲೆ ಸುತ್ತುತ್ತಿದೆ ಅಂದಳು.

ನನಗೆ ಸಿಟ್ಟು ಬಂತು. ಆದರೆ ಅಮ್ಮನ ಮುಖ ನೋಡಿದಾಗ ಅಲ್ಲಿದ್ದದ್ದು ಹೆದರಿಕೆ. ಅಮ್ಮ ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಸೀಳುತುಟಿಯ ಮಗು ಹುಟ್ಟಿತ್ತಂತೆ. ಗ್ರಹಣದಲ್ಲಿ ತರಕಾರಿ ಹೆಚ್ಚಿದ್ದಳು ಅಂತ ಊರೆಲ್ಲ ಆ ತಾಯಿಯನ್ನೇ ದೂರಿತಂತೆ, ಸಾಯುವ ತನಕ ಅವರು ಅದನ್ನು ಕೇಳಿಸಿಕೊಂಡರಂತೆ. ಇಂಥದ್ದನ್ನು ಕಣ್ಣಾರೆ ಕಂಡವರಿಗೆ 'ಮೂಢನಂಬಿಕೆ' ಅಂತ ಒಂದೇ ಮಾತಿನಲ್ಲಿ ಹೇಳಿ ಎದ್ದು ಹೋಗುವುದು ಸರಿಯಲ್ಲ, ಅಲ್ವಾ?

ಹಾಗಾಗಿ ಪಕ್ಕದಲ್ಲಿ ಕೂತು ಮಾತಾಡಿದೆ. ಹೊಟ್ಟೆಯಲ್ಲಿರುವ ಮಗುವಿನ ಮೇಲ್ತುಟಿ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವುದು ಎರಡನೇ ತಿಂಗಳ ಒಳಗೆ, ಅಂಗುಳ ಮೂರನೇ ತಿಂಗಳ ಹೊತ್ತಿಗೆ. ಆಗ ಕೂಡದೇ ಹೋದರೆ ಸೀಳು ಉಳಿಯುತ್ತದೆ. ಅದಕ್ಕೆ ವಂಶವಾಹಿ ಕಾರಣವಿರಬಹುದು, ತಾಯಿ ತೆಗೆದುಕೊಂಡ ಕೆಲವು ಔಷಧಿ ಇರಬಹುದು, ಸಿಗರೇಟು ಇರಬಹುದು, ಎಷ್ಟೋ ಸಲ ಇದೇ ಕಾರಣ ಅಂತ ಹೇಳಲು ಬರುವುದಿಲ್ಲ. ಆದರೆ ಏಳನೇ ತಿಂಗಳಲ್ಲಿ ಚಂದ್ರನ ಮೇಲೆ ಭೂಮಿಯ ನೆರಳು ಬಿದ್ದರೆ, ಯಾವಾಗಲೋ ಕೂಡಿಕೊಂಡ ತುಟಿ ಮತ್ತೆ ಹೇಗೆ ಸೀಳುತ್ತದೆ ಅಮ್ಮಾ ಅಂತ ಕೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಪಂಚಾಂಗ ಸುಳ್ಳಾ?" ಅಂದರು.

ಸುಳ್ಳಲ್ಲ. ಪಂಚಾಂಗದ ಗ್ರಹಣದ ಲೆಕ್ಕ ನೆರಳಿನ ಲೆಕ್ಕವೇ. ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ, ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ ಅಂತ ಆರ್ಯಭಟ 1,500 ವರ್ಷದ ಹಿಂದೆಯೇ ಬರೆದಿದ್ದಾನೆ. ಚಂದ್ರನ ದಾರಿ ಸುಮಾರು ಐದು ಡಿಗ್ರಿ ಓರೆಯಾಗಿದೆ, ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ. ಆ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗಗಳಿಗೇ ರಾಹು, ಕೇತು ಅಂತ ಹೆಸರು. ಇನ್ನೊಂದು ಮಾತೂ ಹೇಳಿದೆ. ಮಕ್ಕಳು, ಮುದುಕರು, ಕಾಯಿಲೆಯವರು, ಬಸುರಿಯರಿಗೆ ವೇಧದ ನಿಯಮವನ್ನು ಸಂಪ್ರದಾಯವೇ ಸಡಿಲ ಮಾಡಿದೆ. ಇದನ್ನು ಕೇಳಿದ ಮೇಲೆ ಅಮ್ಮ ಎದ್ದು, ದರ್ಭೆ ಹಾಕಿಟ್ಟಿದ್ದ ಪಾತ್ರೆಯಿಂದಲೇ ಸೊಸೆಗೆ ಅನ್ನ ಸಾರು ಬಡಿಸಿದರು. ಕೆಂಪು ಚಂದ್ರನನ್ನು ನೋಡಲು ಟೆರೇಸಿಗೆ ಮಾತ್ರ ಬಿಡಲಿಲ್ಲ. ಇರಲಿ. ಗ್ರಹಣ ಬಿಟ್ಟ ಮೇಲೆ ತಾವು ಸ್ನಾನ ಮಾಡಿ ಜಪಕ್ಕೆ ಕೂತರು, ಅದಕ್ಕೆ ನನ್ನ ತಕರಾರು ಇಲ್ಲವೇ ಇಲ್ಲ. ಅದು ಅವರ ಮನಸ್ಸಿನ ನೆಮ್ಮದಿ. ಒಬ್ಬರ ನಂಬಿಕೆಗೆ ಇನ್ನೊಬ್ಬರು ಹಸಿದಿರಬೇಕಾದಾಗ ಮಾತ್ರ ನಾನು ವಾದ ಮಾಡುತ್ತೇನೆ.

ಗ್ರಹಣದ ಹೊತ್ತಲ್ಲಿ ಬೀದಿಯಲ್ಲಿ ನಿಂತು ತಿಂದು ತೋರಿಸುವ ಗೆಳೆಯರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಟಿವಿಯಲ್ಲಿ ನೋಡಿ ಅಮ್ಮ ಮಾತೇ ಬೇಡ ಅಂದಿದ್ದರು. ಹಾಗೇ, 'ಏನೂ ಆಗಲ್ಲ' ಅಂತ ಸುಮ್ನೆ ಹೇಳುವುದೂ ತಪ್ಪು. ಚಂದ್ರಗ್ರಹಣವನ್ನು ಬರಿಗಣ್ಣಲ್ಲಿ ನೋಡಬಹುದು, ಸೂರ್ಯಗ್ರಹಣವನ್ನು ನೋಡಿದರೆ ಕಣ್ಣಿನ ಒಳಪರದೆ ಸುಡುತ್ತದೆ, ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಫಿಲಂ, ಕೂಲಿಂಗ್ ಗ್ಲಾಸ್ ಸಾಲುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಗ್ರಹಣ ಬಂದಾಗಲೆಲ್ಲ ಸ್ಪರ್ಶ, ಮೋಕ್ಷದ (ಗ್ರಹಣ ಹಿಡಿಯುವ, ಬಿಡುವ) ಸಮಯ, ಯಾವ ರಾಶಿಗೆ ಶಾಂತಿ ಅಂತ ಪತ್ರಿಕೆಗಳು ಹಾಕುತ್ತವೆ. ಅದೇ ಚೌಕಟ್ಟಿನಲ್ಲಿ ಒಬ್ಬ ಹೆರಿಗೆ ಡಾಕ್ಟರ ಮಾತು, ನಮ್ಮ ನೆಹರೂ ತಾರಾಲಯದವರ ಮಾತು ಹಾಕಿ. ಜೊತೆಗೆ ಒಬ್ಬ ಪುರೋಹಿತರನ್ನೂ ಕೇಳಿ, ಬಸುರಿ ಊಟ ಮಾಡಬಹುದೇ ಅಂತ. ಅವರು ಹೌದು ಅಂದರೆ ನನ್ನ ಅಮ್ಮನಂಥವರು ನನ್ನ ಮಾತಿಗಿಂತ ಬೇಗ ಕೇಳುತ್ತಾರೆ. ಗ್ರಹಣದ ದಿನ ಬೆಳಿಗ್ಗೆ ಬೇಡ, ಒಂದು ವಾರ ಮೊದಲೇ ಹಾಕಿ.

ಒಬ್ಬ ಓದುಗ,
ತ್ಯಾಗರಾಜನಗರ, ಬೆಂಗಳೂರು