ಅಲ್ಲಿ ಒಕ್ಕದ ಹೆಸರು ನಡೆಯಲ್ಲ ಮಾರಾಯ

ಗೋಣಿಕೊಪ್ಪ,
ಜುಲೈ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಾಟಿಂಗ್‌ಹ್ಯಾಮಿಗೆ ಹೋಗಿ ಎರಡು ತಿಂಗಳಾಯ್ತು, ಆಫೀಸಿನವರನ್ನು ಬಿಟ್ಟರೆ ಮಾತಾಡಿಸೋಕೆ ಒಂದು ನರಪಿಳ್ಳೆ ಇಲ್ಲ ಅಂತ ಬರೆದಿದ್ದೀಯ. ಅದೇ ಕಾಗದದ ಕೊನೆಯಲ್ಲಿ, ಹಾಕಿ ಸ್ಟಿಕ್ಕು ಬಂದ ದಿನದಿಂದ ಬಾಗಿಲ ಮೂಲೆಯಲ್ಲೇ ನಿಂತಿದೆ ಅಂತಲೂ ಬರೆದಿದ್ದೀಯ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಸಲ ಓದಿಕೋ.

ತಂಡಕ್ಕೆ ಸೇರೋದು ಅಂದರೆ ಎಂತ ಅಂತ ಕೊಡಗಿನವರಿಗೆ ಗೊತ್ತೇ ಇಲ್ಲ. ಹುಟ್ಟಿದ ಒಕ್ಕವೇ, ಅಂದರೆ ಮನೆತನವೇ, ತಂಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಮನೆತನಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದರು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಇಳಿದವು. ಇಷ್ಟು ವರ್ಷದಲ್ಲಿ ಒಂದು ಮಾತ್ರ ಬದಲಾಗಿಲ್ಲ: ಮನೆತನದ ಹೆಸರಿದ್ದರೆ ಅಜ್ಜನಿಗೂ ಜಾಗ, ಸೊಸೆಗೂ ಜಾಗ, ಶಾಲೆಗೆ ಹೋಗುವ ಹುಡುಗನಿಗೂ ಜಾಗ. ಇಂಗ್ಲೆಂಡಿನಲ್ಲಿ ಯಾರೂ ಬಂದು ನಿನ್ನನ್ನು ಕರೆಯಲ್ಲ. ಅದು ಸೊಕ್ಕಲ್ಲ. ಕೇಳಿ ಬಂದವನನ್ನು ಸೇರಿಸಿಕೊಳ್ಳೋದು, ಕೇಳದವನನ್ನು ಅವನ ಪಾಡಿಗೆ ಬಿಡೋದು, ಇದು ಅವರ ಮರ್ಯಾದೆ. ಹಾಗಾಗಿ ಕೇಳಬೇಕಾದವನು ನೀನು.

ಕೇಳೋಕೆ ಈಗ ಸರಿಯಾದ ಹೊತ್ತು. ಇಂಗ್ಲೆಂಡಿನ ಲೀಗ್ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಶುರುವಾಗಿ ವಸಂತದಲ್ಲಿ ಮುಗಿಯುತ್ತೆ. ಆಗಸ್ಟಿನಲ್ಲಿ ಕ್ಲಬ್‌ಗಳು ಪ್ರಿ-ಸೀಸನ್ ಅಭ್ಯಾಸ ಇಟ್ಟುಕೊಳ್ಳುತ್ತವೆ. ಊರು ಬಿಟ್ಟು ಬಂದವರು, ಕೆಲಸ ಬದಲಾಯಿಸಿದವರು, ಹೆರಿಗೆ ಆಗಿ ವಾಪಸ್ ಬಂದವರು ಎಲ್ಲ ಆಗಲೇ ಬರೋದು. ಹೊಸಬರು ಹತ್ತು ಜನ ಇರುವಾಗ ನೀನೂ ಒಬ್ಬ. ಅಕ್ಟೋಬರಿನಲ್ಲಿ ಹೋದರೆ ಹೊಸಬ ನೀನೊಬ್ಬನೇ.

ಕ್ಲಬ್ಬಿನ ಕಾರ್ಯದರ್ಶಿಗೆ ಐದು ಸಾಲಿನ ಇಮೇಲ್ ಸಾಕು. ವಯಸ್ಸು, ಆಡುವ ಜಾಗ (ಲೆಫ್ಟ್ ಹಾಫ್ ಅಂತ ಸ್ಪಷ್ಟವಾಗಿ ಹೇಳು, ‘ಎಲ್ಲಿ ಬೇಕಾದರೂ’ ಅಂದರೆ ಅಲ್ಲಿ ಎಲ್ಲಿಯೂ ಇಲ್ಲ ಅಂತ ಅರ್ಥ), ಕೊನೆಯ ಸಲ ನಿಯಮಿತವಾಗಿ ಆಡಿದ ವರ್ಷ, ಆಡಿದ್ದು ಮಣ್ಣಿನ ನೆಲದಲ್ಲೋ ಕೃತಕ ಹುಲ್ಲಿನ ಟರ್ಫಿನಲ್ಲೋ, ಶನಿವಾರ ಬಿಡುವಿದೆಯೋ ಇಲ್ಲವೋ. ‘ಕೊಡವ ಹಾಕಿ ಫೆಸ್ಟಿವಲ್‌ನಲ್ಲಿ ಆಡಿದ್ದೇನೆ’ ಅಂದರೆ ಅವರಿಗೆ ತಲೆಬುಡ ಗೊತ್ತಾಗಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಸುಮಾರು ಒಂದು ತಿಂಗಳು ಆಡುವ ನಾಕೌಟ್ ಅಂತ ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳು, ಮೊದಲ ದಿನದ ಮಾತಿಗೆ ವಿಷಯ ಸಿಕ್ಕಿತು.

ಒಂದು ಎಚ್ಚರಿಕೆ. ಬಡಾಯಿ ಕೊಚ್ಚಬೇಡ. ದೊಡ್ಡ ಕ್ಲಬ್ಬಿನಲ್ಲಿ ಗಂಡಸರದ್ದೇ ಐದಾರು ತಂಡ ಇರುತ್ತವೆ: ಫಸ್ಟ್ ಇಲೆವೆನ್, ಸೆಕೆಂಡ್, ಥರ್ಡ್, ಹೀಗೆ. ಮೇಲಿನ ತಂಡಕ್ಕೆ ಹಾಕಿಸಿಕೊಂಡು ಬೆಂಚಿನಲ್ಲಿ ಕೂತರೆ ಎರಡು ವಾರಕ್ಕೆ ಕೆಳಗೆ ಇಳಿಸುತ್ತಾರೆ, ಆಮೇಲೆ ಎರಡು ಕಡೆಯವರಿಗೂ ಮುಜುಗರ. ಫೋರ್ತ್ ಇಲೆವೆನ್‌ನಲ್ಲಿ ಶುರು ಮಾಡು. ಅಲ್ಲಿ ಐವತ್ತೈದರ ಮೇಷ್ಟ್ರು, ಹದಿನಾರರ ಹುಡುಗ, ಪ್ಲಂಬರ್, ಡಾಕ್ಟರ್ ಎಲ್ಲ ಒಟ್ಟಿಗೆ ಇರುತ್ತಾರೆ. ನಮ್ಮ ಒಕ್ಕದ ತಂಡಕ್ಕೆ ಅದಕ್ಕಿಂತ ಹತ್ತಿರದ್ದು ಅಲ್ಲಿ ಬೇರೆ ಇಲ್ಲ.

ದುಡ್ಡಿನ ಮಾತು ಮೊದಲೇ ಕೇಳಿಕೋ. ವರ್ಷದ ಚಂದಾ ಬೇರೆ, ಪ್ರತಿ ಪಂದ್ಯದ ಮ್ಯಾಚ್ ಫೀ ಬೇರೆ. ಚಂದಾವನ್ನು ತಿಂಗಳ ಕಂತಿನಲ್ಲಿ ಕಟ್ಟೋಕೆ ಬಿಡುತ್ತಾರೋ, ಮೊದಲ ಎರಡು ಅಭ್ಯಾಸ ಪುಕ್ಕಟೆಯೋ ಅಂತ ವಿಚಾರಿಸು. ಕೇಳೋಕೆ ನಾಚಿಕೆ ಬೇಡ, ಅವರೂ ಕೇಳುತ್ತಾರೆ. ನಿನ್ನ ತಂಗಿ ಮುಂದಿನ ವರ್ಷ ಓದೋಕೆ ಬಂದರೆ ಅವಳಿಗೂ ಒಂದು ಮಾತು ಹೇಳಿಡು: ಸ್ಟೂಡೆಂಟ್ ವೀಸಾದಲ್ಲಿ ಹವ್ಯಾಸಕ್ಕೆ ಆಡೋಕೆ ಅಡ್ಡಿಯಿಲ್ಲ, ದುಡ್ಡು ತಗೊಂಡು ಆಡೋದು, ಕೋಚಿಂಗ್ ಕೊಡೋದು ಮಾತ್ರ ಬೇಡ.

ಸಾಮಾನಿನಲ್ಲಿ ಸ್ಟಿಕ್ ಒಂದೇ ಸಾಕು ಅಂದುಕೊಳ್ಳಬೇಡ. ಫುಟ್‌ಬಾಲ್ ಸ್ಟಡ್ ಹಾಕಿಕೊಂಡು ಹೋದರೆ ಟರ್ಫಿನ ಒಳಗೇ ಬಿಡಲ್ಲ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬ್ಬಿ ಇರುವ ಟರ್ಫ್ ಶೂ ಬೇಕು. ಶಿನ್‌ಗಾರ್ಡ್, ಎಡಗೈಗೆ ಗ್ಲೌಸ್, ಮೌತ್‌ಗಾರ್ಡ್ ಮೂರೂ ಬೇಕು. ಮೌತ್‌ಗಾರ್ಡನ್ನು ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕಚ್ಚಿ ಕೂರಿಸಿಕೊಳ್ಳಬೇಕು. ಪ್ಯಾಕೆಟ್ಟಿನ ಮೇಲೆ ಬರೆದ ಸೆಕೆಂಡಿಗಿಂತ ಹೆಚ್ಚು ಬಿಟ್ಟರೆ ಮುದ್ದೆಯಾಗಿ ಹಾಳಾಗುತ್ತೆ. ಸ್ಟಿಕ್ಕಿನ ತಲೆಯ ತುದಿಗೆ ಟೇಪ್ ಸುತ್ತು. ಕೆಳಗಿನ ತಂಡಗಳು ಹೆಚ್ಚಾಗಿ ಆಡೋದು ಮರಳು ಹಾಕಿದ ಟರ್ಫಿನಲ್ಲಿ, ಅದು ಸ್ಟಿಕ್ಕಿನ ಮೂತಿಯನ್ನೂ ಮೊಣಕಾಲಿನ ಚರ್ಮವನ್ನೂ ಅರದ ಹಾಗೆ ಉಜ್ಜಿ ತೆಗೆಯುತ್ತೆ.

ಈಗ ಆಟ. ನಮ್ಮ ಕಡೆಯಿಂದ ಹೋದವರು ಎಡವೋದು ಇಲ್ಲೇ. ನಮ್ಮ ಮೈದಾನದಲ್ಲಿ ಚೆಂಡು ಪುಟಿಯುತ್ತೆ, ಹಾಗಾಗಿ ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿ, ಬಿಗಿಯಾಗಿ ಹಿಡಿದು, ಬಂದದ್ದನ್ನು ಅಡ್ಡಗಟ್ಟುವ ಅಭ್ಯಾಸ. ಟರ್ಫಿನಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡೇ ಬಂದರೂ ವೇಗ ಹೆಚ್ಚು. ಬಿಗಿ ಹಿಡಿದ ಸ್ಟಿಕ್ಕಿಗೆ ಬಡಿದು ಎರಡು ಮೀಟರ್ ಮುಂದೆ ಹಾರಿ ಎದುರಾಳಿಯ ಕಾಲಿಗೇ ಹೋಗುತ್ತೆ. ಮಾಡಬೇಕಾದದ್ದು ಇಷ್ಟು: ಎಡಗೈ ಮೇಲೆ, ಬಲಗೈ ಸ್ಟಿಕ್ಕಿನ ನಡುವೆ ಸಡಿಲವಾಗಿ. ಮೊಣಕಾಲು ಬಗ್ಗಿಸು. ಹಿಡಿಯ ಮೇಲ್ತುದಿ ಚೆಂಡು ಬರುವ ಕಡೆಗೆ ವಾಲಿರಲಿ, ತಲೆ ಸ್ವಲ್ಪ ಹಿಂದೆ. ಆಗ ಚೆಂಡು ಮೇಲೆ ಹಾರದೆ ಸ್ಟಿಕ್ಕಿನ ಅಡಿಗೆ ಸಿಕ್ಕಿಬೀಳುತ್ತೆ. ತಾಗುವ ಗಳಿಗೆಯಲ್ಲಿ ಸ್ಟಿಕ್ಕನ್ನು ಒಂದು ಗೇಣು ಹಿಂದಕ್ಕೆ ಬಿಟ್ಟುಕೊಡು, ಬಿಸಿ ಪಾತ್ರೆ ಕೈಗೆ ತಗೊಳ್ಳುವವನ ಹಾಗೆ. ಗೋಡೆಗೆ ತಳ್ಳಿ ತಳ್ಳಿ ದಿನಾ ಇಪ್ಪತ್ತು ನಿಮಿಷ ಮಾಡಿದರೆ ಹದಿನೈದು ದಿನಕ್ಕೆ ಕೈ ಮಾತು ಕೇಳೋಕೆ ಶುರುವಾಗುತ್ತೆ.

ಎರಡನೆಯದು, ಚೆಂಡು ಇಟ್ಟುಕೊಳ್ಳುವ ಚಪಲ. ಇಲ್ಲಿ ಮೂವರನ್ನು ದಾಟಿಸಿದರೆ ಇಡೀ ಮೈದಾನ ಶಿಳ್ಳೆ ಹೊಡೆಯುತ್ತೆ. ಅಲ್ಲಿ ಮೂರನೆಯವನ ಹತ್ತಿರ ಕಳೆದುಕೊಂಡರೆ ನಿನ್ನ ತಂಡದ ಐವರು ಮರಳಿ ಓಡಬೇಕು. ಬಾಯಿಬಿಟ್ಟು ಬೈಯಲ್ಲ, ಮುಂದಿನ ಸಲ ನಿನಗೆ ಪಾಸ್ ಕೊಡಲ್ಲ, ಅಷ್ಟೆ. ಮೊದಲ ನಾಲ್ಕು ಪಂದ್ಯ ಎರಡೇ ಟಚ್: ಹಿಡಿ, ತಳ್ಳು. ದೊಡ್ಡದಾಗಿ ಬೀಸಿ ಹೊಡೆಯುವಷ್ಟು ಹೊತ್ತು ಸಿಗಲ್ಲ, ನೆಲದ ಮೇಲೆ ಪುಶ್ ಸಾಕು. ಐದು ಮೀಟರ್ ಒಳಗಿರುವ ಎದುರಾಳಿಯ ಮೈಗೆ ಚೆಂಡು ಎತ್ತಿ ಬಿಟ್ಟರೆ ಅಪಾಯದ ಆಟ ಅಂತ ಫೌಲ್. 

ಹಳೇ ನಿಯಮ ತಲೆಯಲ್ಲಿದ್ದರೆ ಅಳಿಸು. ಫ್ರೀ ಹಿಟ್ಟನ್ನು ನಿನಗೆ ನೀನೇ ಪಾಸ್ ಮಾಡಿಕೊಂಡು ಓಡಬಹುದು. ಆದರೆ ದಾಳಿ ಮಾಡುವಾಗ 23 ಮೀಟರ್ ಗೆರೆಯ ಒಳಗೆ ಸಿಕ್ಕಿದ ಫ್ರೀ ಹಿಟ್ಟು ಐದು ಮೀಟರ್ ಸರಿಯದೆ ನೇರ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹೋಗಕೂಡದು. ಲಾಂಗ್ ಕಾರ್ನರ್ ಈಗ ಮೂಲೆಯಿಂದ ಅಲ್ಲ, ಚೆಂಡು ಹೊರಹೋದ ಜಾಗದ ನೇರಕ್ಕೆ 23 ಮೀಟರ್ ಗೆರೆಯ ಮೇಲಿಂದ.

ಬಾಯಿಯೂ ಅಷ್ಟೇ ಮುಖ್ಯ. ಇಲ್ಲಿ ಕೊಡವ ತಕ್ಕಿನಲ್ಲಿ, ಅಂದರೆ ನಮ್ಮ ಭಾಷೆಯಲ್ಲಿ, ಕೂಗಿ ಅಭ್ಯಾಸ, ಅಲ್ಲಿ ‘ಮ್ಯಾನ್ ಆನ್’ (ಹಿಂದೆ ಆಳು), ‘ಟೈಮ್’ (ಹೊತ್ತಿದೆ), ‘ಸ್ಕ್ವೇರ್’ (ಪಕ್ಕಕ್ಕೆ), ‘ಲೈನ್’ (ಗೆರೆಗುಂಟ), ‘ಬ್ಯಾಕ್’ (ಹಿಂದಕ್ಕೆ) ಇಷ್ಟೇ ಸಾಕು. ಹಿಂದೆ ಆಳು ಇದ್ದಾನೆ ಅಂತ ಸಮಯಕ್ಕೆ ಕೂಗಿದವನನ್ನು ಅವರು ಗೋಲು ಹೊಡೆದವನಿಗಿಂತ ಬೇಗ ನೆನಪಿಟ್ಟುಕೊಳ್ಳುತ್ತಾರೆ. ಹೆಸರು ಸೇರಿಸಿ ಕೂಗು. ಹೆಸರು ಕಲಿಯೋಕೆ ಅದೇ ಸುಲಭದ ದಾರಿ.

ಆಟಕ್ಕಿಂತ ಹೆಚ್ಚು ಜನ ಸೋಲೋದು ‘ನೋಡೋಣ’ ಅನ್ನುವ ಮಾತಿನಿಂದ. ತಂಡದ ಕ್ಯಾಪ್ಟನ್ ವಾರದ ಮಧ್ಯೆ ಫೋನಿನ ಆ್ಯಪಿನಲ್ಲಿ ಯಾರು ಬರುತ್ತೀರಿ ಅಂತ ಕೇಳುತ್ತಾನೆ. ಹೌದು ಅಥವಾ ಇಲ್ಲ, ಎರಡೇ ಉತ್ತರ. ‘ನೋಡೋಣ, ಸಾಧ್ಯ ಆದರೆ ಬರ್ತೀನಿ’ ಅಂತ ಸಂಕೋಚಕ್ಕೆ ಹೇಳಿ ಶನಿವಾರ ಬೆಳಿಗ್ಗೆ ಕೈ ಕೊಟ್ಟರೆ ಹತ್ತೇ ಜನ ಇಟ್ಟುಕೊಂಡು ಆಡಬೇಕಾಗುತ್ತೆ. ಹಾಗೆ ಎರಡು ಸಲ ಮಾಡಿದವನನ್ನು ಎಷ್ಟೇ ಚೆನ್ನಾಗಿ ಆಡಿದರೂ ಕೈಬಿಡುತ್ತಾರೆ. ನವೆಂಬರಿನ ಮಳೆ ಗಾಳಿಯಲ್ಲಿ, ದೂರದ ಊರಿನ ಪಂದ್ಯಕ್ಕೆ, ಜನ ಕಡಿಮೆ ಇರುವ ದಿನ ಹೌದು ಅಂದವನ ಬೆಲೆಯೇ ಬೇರೆ. ಕೊಡಗಿನ ಮಳೆ ಕಂಡವನಿಗೆ ಅದೇನು ಮಹಾ? ಚಳಿ ಮಾತ್ರ ಬೇರೆ ಜಾತಿಯದು, ಒಳಗೆ ಒಂದು ಪದರ ಹೆಚ್ಚು ಹಾಕಿಕೋ. ಹೊರ ಊರಿಗೆ ಹೋಗುವಾಗ ಯಾರದ್ದಾದರೂ ಕಾರಿನಲ್ಲಿ ಹೋಗುತ್ತೀಯ, ಇಳಿಯುವಾಗ ಪೆಟ್ರೋಲಿಗೆ ಅಂತ ಕೊಡು. ಬೇಡ ಅಂದರೂ ಒಂದು ಸಲ ಕೇಳು. ಮುಕ್ಕಾಲು ಗಂಟೆ ಕಾರಿನಲ್ಲಿ ಪಕ್ಕ ಕೂತು ಆಗುವ ಮಾತು ಆಫೀಸಿನಲ್ಲಿ ಆರು ತಿಂಗಳಿಗೂ ಆಗಲ್ಲ.

ಇನ್ನೊಂದು ಒಳದಾರಿ ಉಂಟು: ಅಂಪೈರಿಂಗ್. ಕೆಳಗಿನ ಲೀಗ್‌ಗಳಲ್ಲಿ ಎಷ್ಟೋ ಕಡೆ ಪ್ರತಿ ತಂಡವೂ ತನ್ನ ಕಡೆಯಿಂದ ಒಬ್ಬ ಅಂಪೈರ್ ಕೊಡಬೇಕು, ಯಾರಿಗೂ ಇಷ್ಟ ಇಲ್ಲದ ಕೆಲಸ. ಕ್ಲಬ್ಬಿಗೆ ಹೇಳಿ ಆರಂಭದ ಕೋರ್ಸ್ ಮಾಡಿಕೊಂಡು ಸೀಟಿ ಹಿಡಿದರೆ ಕ್ಲಬ್ಬಿನ ಎಲ್ಲ ತಂಡದವರಿಗೂ ನೀನು ಗೊತ್ತಾಗುತ್ತೀಯ. ಹಸಿರು ಕಾರ್ಡ್ ತ್ರಿಕೋನ, ಹಳದಿ ಚೌಕ, ಕೆಂಪು ದುಂಡಗೆ. ಜೇಬಿಗೆ ಕೈ ಹಾಕಿದರೆ ನೋಡದೆಯೇ ಗೊತ್ತಾಗಲಿ ಅಂತ.

ಪಂದ್ಯ ಮುಗಿದ ಕೂಡಲೇ ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿಯಬೇಡ. ನಮ್ಮವರು ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು. ಆತಿಥೇಯ ತಂಡ ಎದುರಾಳಿಗಳಿಗೆ ಊಟ ಹಾಕುವ ಪದ್ಧತಿ ಅಲ್ಲಿದೆ, ಅದಕ್ಕೆ ‘ಮ್ಯಾಚ್ ಟೀ’ ಅಂತಾರೆ. ಹೆಸರು ಚಹಾ, ಇರೋದು ಪಾಸ್ತಾ, ಸಾಸೇಜು, ಚಿಪ್ಸು. ಒಂದು ಗಂಟೆ ಕೂರಬೇಕು. ಚೆನ್ನಾಗಿ ಆಡಿದವನಿಗೂ ಪೆದ್ದು ಕೆಲಸ ಮಾಡಿದವನಿಗೂ ವೋಟು ನಡೆಯುತ್ತೆ, ಎರಡನೆಯದು ನಿನಗೆ ಬಂದರೆ ಖುಷಿಪಡು. ಹೊರಗಿನವನನ್ನು ಯಾರೂ ಹಾಗೆ ಕಾಲೆಳೆಯಲ್ಲ. ಕುಡಿಯಲೇಬೇಕು ಅಂತೇನಿಲ್ಲ, ಕೋಕ್ ಹಿಡಿದು ಕೂತರೂ ಕೇಳುವವರಿಲ್ಲ.

ಮಾತಿಗೆ ವಿಷಯ? ಐವತ್ತು ದಾಟಿದವರ ಹತ್ತಿರ 1988ರ ಸೋಲ್ ಒಲಿಂಪಿಕ್ಸ್ ತೆಗೆ. ಬ್ರಿಟನ್ ಫೈನಲಿನಲ್ಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಚಿನ್ನ ಗೆದ್ದದ್ದು, ಅದರಲ್ಲಿ ಎರಡು ಗೋಲು ಇಮ್ರಾನ್ ಶೇರ್ವಾನಿಯದ್ದು. ಹೆಂಗಸರ ತಂಡದವರ ಹತ್ತಿರ 2016ರ ರಿಯೊ ಚಿನ್ನ. ನಮ್ಮ ಎಂ.ಎಂ. ಸೋಮಯ್ಯನವರಿದ್ದ ಭಾರತ ತಂಡ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದದ್ದನ್ನೂ ಹೇಳು, ಆ ಸಲ ಬ್ರಿಟನ್ನಿನ ಹಾಕಿ ತಂಡ ಹೋಗಿರಲಿಲ್ಲ ಅಂತ ಅವರೇ ನೆನಪಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿ ಹತ್ತೇ ಜನ ಉಳಿದ ಭಾರತ ಶೂಟೌಟ್‌ನಲ್ಲಿ ಅವರನ್ನು ಮನೆಗೆ ಕಳಿಸಿದ್ದು ಮಾತ್ರ ಮೊದಲ ತಿಂಗಳು ಎತ್ತಬೇಡ.

ಎರಡು ಮೂರು ತಿಂಗಳಾದ ಮೇಲೆ ಒಂದು ಶನಿವಾರದ ಟೀ ನಾನು ಮಾಡ್ತೀನಿ ಅಂತ ಹೇಳು. ಪಂದಿಕರಿ ಮಾಡು. ಎರಡೂ ತಂಡ ಸೇರಿ ಮೂವತ್ತು ಜನ ಅಂತಿಟ್ಟುಕೊಂಡರೆ ಕೊಬ್ಬು ಸೇರಿದ ಐದು ಕಿಲೋ ಮಾಂಸ ಸಾಕು. ಕಿಲೋಗೆ ಎರಡು ಟೀ ಚಮಚ ಕಾಳುಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಟೀ ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ. ಖಾರದಪುಡಿ ನಮ್ಮ ಮನೆಯ ಅಳತೆಯಲ್ಲಿ ಅರ್ಧ. ಮಸಾಲೆ ಅಲ್ಲಿ ಹುರಿಯೋಕೆ ಹೋಗಬೇಡ. ಕಪ್ಪಗಾಗುವವರೆಗೆ ಹುರಿದರೆ ಹೊಗೆ ಅಲಾರಂ ಕೂಗಿ ಇಡೀ ಕಟ್ಟಡದವರು ಚಡ್ಡಿಯಲ್ಲಿ ರಸ್ತೆಗೆ ಬರುತ್ತಾರೆ. ಪುಡಿ ಇಲ್ಲಿಂದಲೇ ತರಿಸಿಕೋ. ಕಾಚಂಪುಳಿ (ನಮ್ಮ ಕಪ್ಪು ಹುಳಿರಸ) ಕೊನೆಗೆ, ಕಿಲೋಗೆ ಒಂದು ಟೀ ಚಮಚದಿಂದ ಶುರು ಮಾಡಿ ರುಚಿ ನೋಡಿ ಹಾಕು, ಒಂದೊಂದು ಬಾಟಲಿಯ ಹುಳಿ ಒಂದೊಂದು ಥರ. ಹಿಂದಿನ ರಾತ್ರಿ ಮಾಡಿ, ಅಗಲ ಪಾತ್ರೆಗಳಲ್ಲಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕು. ಮರುದಿನ ಕುದಿ ಬರುವವರೆಗೆ ಒಂದೇ ಸಲ ಬಿಸಿ ಮಾಡು. ಕಡಂಬುಟ್ಟಿನ (ಅಕ್ಕಿ ಕಡುಬಿನ) ಕನಸು ಬಿಟ್ಟು ಬ್ರೆಡ್ ಇಡು. ಹಂದಿ ತಿನ್ನದವರು, ಸಸ್ಯಾಹಾರಿಗಳು ಇದ್ದೇ ಇರುತ್ತಾರೆ, ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಕಡಲೆ ಸಾರು ಮಾಡು. ಪಾತ್ರೆಯ ಮುಂದೆ ಚೀಟಿಯಲ್ಲಿ ‘ಸಾಸಿವೆ ಇದೆ’ ಅಂತ ಬರೆ. ಅಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆಯೂ ಒಂದು. 

ಚಳಿಗಾಲದ ಬಿಡುವಿನಲ್ಲಿ ಇಂಡೋರ್ ಹಾಕಿ ಇರುತ್ತೆ: ಆರೇ ಜನ, ಹೊಡೆಯುವ ಹಾಗಿಲ್ಲ, ಬರೀ ಪುಶ್. ಬೇಸಿಗೆಯಲ್ಲಿ ಗಂಡು ಹೆಣ್ಣು ಕೂಡಿ ಆಡುವ ಮಿಕ್ಸೆಡ್ ಲೀಗ್. ಅದನ್ನು ತಪ್ಪಿಸಬೇಡ, ನಮ್ಮ ಏಪ್ರಿಲ್ ತಿಂಗಳ ಕೌಟುಂಬಿಕ ಹಾಕಿಯ ವಾಸನೆ ಸ್ವಲ್ಪವಾದರೂ ಬರೋದು ಅಲ್ಲೇ.

ಇಲ್ಲಿ ನಾಟಿ ನಡೀತಾ ಇದೆ, ಗದ್ದೆ ತುಂಬ ಜಿಗಣೆ. ಮಸಾಲೆ ಪುಡಿಗೂ ಕಾಚಂಪುಳಿಗೂ ನಿಮ್ಮ ಅವ್ವನ ಹತ್ತಿರ ಹೇಳಿದ್ದೀನಿ, ಕೈಲ್ ಪೊಳ್ದ್ ಹಬ್ಬ ಮುಗಿಸಿ ಬರುವವರ ಕೈಯಲ್ಲಿ ಕಳಿಸ್ತಾರೆ. ಬಾಟಲಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಗೇಜಿಗೇ ಹಾಕೋಕೆ ಹೇಳಿದೆ. ಅಷ್ಟರೊಳಗೆ ನೀನು ಯಾವ ಇಲೆವೆನ್ ಅಂತ ಬರೆ.

ಇಂತಿ,
ನಿನ್ನ ರೈಟ್ ಹಾಫ್